ಎದ್ದರೆ ಔಟ್

ಮಲೇಷ್ಯಾದ ಪುತ್ರಜಯಾ ಊರಿನ ಮೈದಾನದಲ್ಲಿ ಮೊಮ್ಮಗನ ಕಾಲೇಜಿನ ಬೇಸ್‌ಬಾಲ್ ಟೂರ್ನಮೆಂಟ್. ಮಗಳು, ಅಳಿಯ ಮತ್ತು ಅವರ ಸ್ನೇಹಿತರು ನನ್ನನ್ನು ಬೆಂಚಿನ ನಟ್ಟನಡುವೆ ಕೂರಿಸಿದ್ದರು. ನಾನು ಕೂತ ಮೇಲೆಯೇ ನಮ್ಮ ಹುಡುಗರಿಗೆ ಮೂರು ರನ್ ಬಂದವಂತೆ. ಹಾಗಾಗಿ ಮ್ಯಾಚ್ ಮುಗಿಯುವ ತನಕ ಯಾರೂ ಜಾಗ ಬಿಟ್ಟು ಕದಲಬಾರದೆಂಬ ರೂಲ್ ಮಾಡಿಕೊಂಡರು. ನನಗೋ ಒಂದು ಗಂಟೆಯಿಂದ ಬಾತ್‌ರೂಮಿಗೆ ಹೋಗಬೇಕಿತ್ತು. ಕಾನ್ವೆಂಟಿನಲ್ಲಿ ಬೆಳೆದವಳು, ಅಷ್ಟು ಗಂಡಸರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ಎಷ್ಟೊತ್ತಿಗೆ ಮುಗಿಯತ್ತೆ?" ಎಂದೆ.

"ಇದಕ್ಕೆ ಟೈಮ್ ಅಂತ ಇಲ್ಲಮ್ಮ. ಸುಮ್ನೆ ಕೂತ್ಕೋ," ಎಂದಳು ಮಗಳು.

ಕೊನೆಗೆ ಒಂದೇ ರನ್ ಬೇಕಿದ್ದಾಗ ಮೊಮ್ಮಗ ಬ್ಯಾಟ್ ಹಿಡಿದು ಬಂದ. ಆಗಲೇ ನನಗೆ ತಡೆಯಲಾಗದೆ ಎದ್ದೆ.

"ಅಯ್ಯೋ ಆಂಟಿ, ಈಗ್ಬೇಡ ಲಾ! ನೀವೇ ನಮ್ಮ ಲಕ್ಕು!" ಪಕ್ಕದಾಕೆ ಮಲೇಷ್ಯಾದವರ ಹಾಗೆ 'ಲಾ' ಎಳೆಯುತ್ತ ಸೆರಗನ್ನೂ ಹಿಡಿದೆಳೆದಳು.

ಬಿಡಿಸಿಕೊಂಡು ಹೋದೆ. ವಾಪಸು ಬಂದಾಗ ಅವನು ಔಟಾಗಿದ್ದ, ನಮ್ಮವರು ಸೋತಿದ್ದರು.

ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗನಿಗೂ ಅವನ ಕಿಟ್ ಬ್ಯಾಗಿಗೂ ನಡುವೆ ಸಿಕ್ಕಿಕೊಂಡು, "ಐ ಆಮ್ ಸೋ ಸಾರಿ ಕಣೋ," ಎಂದೆ.

"ಇಟ್ಸ್ ಓಕೆ ಲಾ, ಅಜ್ಜಿ. ಐ ಆಲ್ಸೋ ಬ್ಯಾಡ್ಲಿ ನೀಡೆಡ್ ದ ಬಾತ್‌ರೂಮ್," ಎಂದ.

ಮುಂದೆ ಕೂತಿದ್ದ ಮಗಳು ಮಾತ್ರ ಮನೆ ತಲುಪುವವರೆಗೂ ತಿರುಗಿ ನೋಡಲಿಲ್ಲ.