ತಂಗಿಯ ಬಾಯಿಗೆ ನಾನಿಟ್ಟ ಮಾತು

ಬಲೆ ಚೆನ್ನಾಗಿ ಬೀಸಿದೆ ಎಂಬಷ್ಟು ಮಾತನ್ನು ನನ್ನ ತಂಗಿ ಗಂಗವ್ವನಿಗೆ ನಾನು ಯಾವತ್ತೂ ಹೇಳಲಿಲ್ಲ. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು — ನುಂಗಿದೆ. ನುಂಗಿದ್ದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮದು ಸೂಳೆಕೆರೆಯಲ್ಲಿ ಮೀನು ಹಿಡಿಯುವ ಮನೆ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಪ್ಪ ನಮ್ಮಿಬ್ಬರಿಗೂ ಬೀಸುಬಲೆ ಕಲಿಸಿದರು. ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಮಡಿಕೆಯನ್ನು ಭುಜಕ್ಕೆ ಹಾಕಿ, ಸೊಂಟ ತಿರುಗಿಸಿ ಎಸೆಯಬೇಕು. ಹಲ್ಲು ಸಡಿಲಿಸುವುದು ಸ್ವಲ್ಪ ಹಿಂದುಮುಂದಾದರೂ ಬಲೆ ಮುದ್ದೆಯಾಗಿ ಬೀಳುತ್ತದೆ. ನನ್ನದು ಹಾಗೇ ಬೀಳುತ್ತಿತ್ತು. ಗಂಗಿಯದು ದುಂಡಗೆ ಹರಡುತ್ತಿತ್ತು. ತೋಳಿನ ಶಕ್ತಿ ಹೋದಾಗ ಅಪ್ಪ ತಮ್ಮ ಬಲೆಯನ್ನು ಅವಳಿಗೆ ಕೊಟ್ಟರು. ನಾನು, ಗಂಡುಮಗ — ತೆಪ್ಪಕ್ಕೆ ಹುಟ್ಟು ಹಾಕುವವನಾದೆ.

ಬಲೆ ಕಚ್ಚುವ ಮೊದಲು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಹೆದರಬ್ಯಾಡ ಗಂಗಿ. ಭುಜ ಸಡಿಲ ಬಿಡು. ನಿನ್ನ ಕೈಲಿ ಆಗ್ತೈತೆ." ಅವಳ ಧೈರ್ಯವೆಲ್ಲ ಆ ಮಾತಿನಲ್ಲಿದೆ ಎಂದು ನನಗೆ ಹೊಳೆಯಿತು. ಹಾಗಾದರೆ ಅದನ್ನೇ ಕಿತ್ತರೆ —

ಮೊದಲು ದಡದಲ್ಲಿ, ಮೀನು ಕೊಳ್ಳುವವರ ಮುಂದೆ, ಹೆಣ್ಣುದನಿ ಮಾಡಿ ಅಣಕಿಸಿದೆ. "ಹೆದರಬ್ಯಾಡ ಗಂಗೀ! ಏನವ್ವಾ, ಮೀನಿಗೂ ಹಿಂಗೇ ಹೇಳ್ತೀಯೇನು, ಬರ್ರಿ ಬರ್ರಿ ಅಂತ?" ಎಲ್ಲರೂ ನಕ್ಕರು. ಅವಳೂ ನಕ್ಕಳು, ಅಣ್ಣನ ತಮಾಷೆ ಎಂದುಕೊಂಡು. ಮರುದಿನದಿಂದ ಬಲೆ ಕಚ್ಚುವ ಮೊದಲು ಅವಳ ತುಟಿ ಆಡಲಿಲ್ಲ.

ಆಮೇಲೆ ಇನ್ನೊಂದು ಕಂಡುಕೊಂಡೆ. ಬಲೆ ಹಲ್ಲಿನಲ್ಲಿದ್ದಾಗ ಅವಳು ಉತ್ತರ ಕೊಡಲಾರಳು. ಆ ಹೊತ್ತಿಗೇ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದೆ: "ಆಗಂಗಿಲ್ಲ ನೋಡು." ದಿನವೂ. ಅವಳ ಬಲೆ ಮುದ್ದೆಯಾಗಿ ಬಿದ್ದ ದಿನ ನನಗೆ ಊಟ ರುಚಿಸುತ್ತಿತ್ತು.

ಒಂದು ಬೆಳಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು — "ಆಗಂಗಿಲ್ಲ ನೋಡು." ನನ್ನದೇ ರಾಗ. ಬಲೆಯನ್ನು ತೆಪ್ಪದಲ್ಲಿಟ್ಟು ಕೂತುಬಿಟ್ಟಳು. "ನೀನೇ ಬೀಸಣ್ಣ." ನಾನು ಬೇಡವೆನ್ನಲಿಲ್ಲ. ಕೈ ಚಾಚಿ ತೆಗೆದುಕೊಂಡೆ.

ಅಂದಿನಿಂದ ಅವಳು ದಡದಲ್ಲಿ ಕೂತು ಮೀನು ಕೊಯ್ದು ಕೊಡುತ್ತಾಳೆ. ಮೊಬೈಲ್ ಕಲಿ ಎಂದರೂ, ಹೆಂಗಸರ ಸಂಘದಲ್ಲಿ ಎದ್ದು ಮಾತಾಡು ಎಂದರೂ, ಚನ್ನಗಿರಿಗೆ ಒಬ್ಬಳೇ ಬಸ್ಸು ಹತ್ತು ಎಂದರೂ ಅದೇ ಮಾತು. ಈಗ ಬೆನ್ನ ಹಿಂದೆ ಯಾರೂ ನಿಲ್ಲಬೇಕಿಲ್ಲ.

ಮೊನ್ನೆ ನನ್ನ ಭುಜ ಎತ್ತಲಾಗದಷ್ಟು ನೋಯುತ್ತಿತ್ತು. "ಗಂಗಿ, ಇವತ್ತು ನೀನು ಬೀಸು" ಎಂದೆ. ನನ್ನ ಸ್ವಾರ್ಥಕ್ಕೇ ಕೇಳಿದ್ದು, ಪಶ್ಚಾತ್ತಾಪದಿಂದಲ್ಲ. ಅವಳು ಮೀನಿನ ಹುರುಪೆ ಕೆರೆಯುತ್ತಲೇ ನಕ್ಕಳು. "ನನಗೆಲ್ಲಿ ಬರ್ತಿತ್ತಣ್ಣ ಬೀಸಾಕೆ? ಅಪ್ಪ ಏನೋ ಪ್ರೀತಿಗೆ ಬರ್ತೈತೆ ಅಂತ ಹೇಳ್ತಿದ್ದ."

ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ನಿಜವೆಂದೇ ನಂಬಿದ್ದಳು. ಅವಳ ಕೈಯಿಂದ ಬಲೆಯನ್ನಷ್ಟೇ ಅಲ್ಲ, ಆ ಕೈಗೆ ಬರುತ್ತಿತ್ತೆಂಬ ನೆನಪನ್ನೂ ನಾನು...

ಗಿರಾಕಿಗಳು ಸುತ್ತ ನಿಂತಿದ್ದರು. ಅವರ ಮುಂದೆಯೇ ಹೇಳಿದೆ:

"ಬರ್ತಿತ್ತು ಗಂಗಿ. ಅಪ್ಪ ಸುಳ್ಳು ಹೇಳಿರ್ಲಿಲ್ಲ, ಸುಳ್ಳು ಹೇಳ್ದೋನು ನಾನು. ಹೊಟ್ಟೆಕಿಚ್ಚಿಗೆ, ಬೇಕಂತಲೇ ನಿನ್ನ ಹಾಳು ಮಾಡ್ದೆ. ತಪ್ಪಾತವ್ವಾ."