ಶುಕ್ರವಾರ ಬರದ ತಾರೀಖು ಯಾವುದು?

ಒಂದು ಶುಕ್ರವಾರಕ್ಕೆ ನಾನು ತೆತ್ತ ಬೆಲೆ ನೂರೈವತ್ತು ರೂಪಾಯಿ. ಹೂವಿಗಲ್ಲ, ಪೂಜೆಗಲ್ಲ. ಆ ದಿನ ಮನೆಯಿಂದ ದುಡ್ಡು ಆಚೆ ಹೋಗದಂತೆ ನೋಡಿಕೊಂಡೆನಲ್ಲ, ಅದಕ್ಕೆ!

ನನ್ನ ಬಳಿ ಒಂದು ಕ್ರೆಡಿಟ್ ಕಾರ್ಡ್ ಇದೆ. (ನಗಬೇಡಿ. ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್, ಪೈಪು ಮಾರುವವನಿಗೂ ಈಗ ಕೊಡುತ್ತಾರೆ.) ಹರದನಹಳ್ಳಿಯಿಂದ ಸೈಕಲ್ ಮೇಲೆ ನಟ್ಟು, ಬೋಲ್ಟು, ವಾಷರ್ ಹೇರಿಕೊಂಡು ವ್ಯಾಪಾರ ಶುರು ಮಾಡಿದವನು ನಾನು. ಮೈಸೂರಿನ ಅಂಗಡಿಯಲ್ಲಿ ಆ ಕಾರ್ಡನ್ನು ಕಾರ್ಬನ್ ಚೀಟಿಯ ಕೆಳಗಿಟ್ಟು ಘರ್ರೆಂದು ಉಜ್ಜಿದಾಗ, ನಿಜ ಹೇಳುತ್ತೇನೆ, ಎದೆ ಒಂದಂಗುಲ ಉಬ್ಬುತ್ತದೆ.

ಆದರೆ ಬಿಲ್ ಕಟ್ಟಬೇಕಲ್ಲ? ಕಡೇ ದಿನ ಪ್ರತಿ ತಿಂಗಳೂ ಆರನೇ ತಾರೀಖು. ಯಾರು ಆರಿಸಿದರೋ ಆ ದಿನವನ್ನು! ನನ್ನ ಗಿರಾಕಿಗಳೆಲ್ಲ ಈರುಳ್ಳಿ, ಟೊಮೇಟೊ ಬೆಳೆಯುವವರು. ಕೇರಳದ ವ್ಯಾಪಾರಿಗಳು ಮಂಡಿಗೆ ಲೆಕ್ಕ ಚುಕ್ತಾ ಮಾಡುವುದು ತಿಂಗಳ ಎರಡನೇ ವಾರದಲ್ಲಿ. ಮಂಡಿಯಿಂದ ರೈತರಿಗೆ, ರೈತರಿಂದ ನನಗೆ. ಆರನೇ ತಾರೀಖು ನನ್ನ ಗಲ್ಲಾಪೆಟ್ಟಿಗೆಯಲ್ಲಿರುವುದು ಊದುಬತ್ತಿಯ ಬೂದಿ ಮತ್ತು ಒಂದಿಷ್ಟು ಚಿಲ್ಲರೆ.

ಫೆಬ್ರವರಿಯಲ್ಲಿ ಹೀಗೇ ತಡವಾಯಿತು. ಮೊದಲ ತಪ್ಪೆಂದು ಬಿಟ್ಟರು. ಮಾರ್ಚ್‌ನಲ್ಲಿ ದುಡ್ಡು ಹೇಗೋ ಹೊಂದಿಸಿ, ಆರನೇ ತಾರೀಖು ಬೆಳಿಗ್ಗೆ ಮೈಸೂರು ಬಸ್ ಹಿಡಿಯಲು ಚಪ್ಪಲಿ ಮೆಟ್ಟಿದೆ. ನನ್ನ ಹೆಂಡತಿ ರಾಜಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಗೆ ಒಂಟ್ರಿ?”

“ಬ್ಯಾಂಕಿಗೆ. ದುಡ್ಡು ಕಟ್ಬೇಕು.”

“ಇವತ್ತು ಯಾವ್ ವಾರ? ಸುಕ್ರವಾರ ಲಕ್ಸ್ಮಿನ ಆಚೆಗ್ ಕಳ್ಸೀರಾ? ನಾಳೀಕ್ ಓಗಿ. ಒಂದಿನಕ್ಕೆ ಬ್ಯಾಂಕೇನ್ ಮುಳ್ಗೋಯ್ತದಾ?”

ನನಗೇನು ಆಕ್ಷೇಪ? ಮಂಗಳವಾರ, ಶುಕ್ರವಾರ ಯಾರಿಗೂ ದುಡ್ಡು ಕೊಡದಿರುವುದು ನಮ್ಮ ಕಡೆಯ ಅಂಗಡಿಗಳ ಪದ್ಧತಿ. ಕೊಯಮತ್ತೂರಿನಿಂದ ಪಂಪು ಕಳಿಸುವವರೂ ಅದನ್ನು ತಿಳಿದೇ ಬುಧವಾರ ವಸೂಲಿಗೆ ಬರುತ್ತಾರೆ. (ಕೊಡಬೇಕಾದ ದುಡ್ಡು ಇನ್ನೊಂದು ದಿನ ನಮ್ಮಲ್ಲೇ ಇರುತ್ತದೆ ಎಂಬ ಸಂತೋಷ ಬೇರೆ.) ಶನಿವಾರ ಹೋಗಿ ಕಟ್ಟಿದೆ. ಬ್ಯಾಂಕು ಮುಳುಗಲಿಲ್ಲ, ನಾನು ಮುಳುಗಿದೆ. ನೂರೈವತ್ತು ದಂಡ, ಜೊತೆಗೊಂದು ಕಾಗದ: ಇನ್ನೊಮ್ಮೆ ತಡವಾದರೆ ಕಾರ್ಡ್ ಬಂದ್.

ಕಾರ್ಡ್ ಬಂದ್ ಆದರೆ, ಮನೆಯಲ್ಲೇ ಬಟ್ಟೆ ಹೊಲಿಯುವ ರಾಜಮ್ಮನಿಗೆ ಬರಬೇಕಿದ್ದ ಓವರ್‌ಲಾಕ್ ಮಿಷನ್ನೂ ಬಂದ್! ಬಟ್ಟೆಯ ಅಂಚು ನೂಲು ಬಿಡದಂತೆ ಹೊಲಿಯುವ ಮಿಷನ್ ಅದು. ಅದೊಂದಿದ್ದರೆ ಜೂನ್‌ಗೆ ಒಂದು ಶಾಲೆಯ ಯೂನಿಫಾರಂ ಹೊಲಿಗೆ ಪೂರ್ತಿ ಅವಳಿಗೇ ಎಂದು ಮಾತಾಗಿತ್ತು. ಏಪ್ರಿಲ್‌ನಲ್ಲಿ ಕಾರ್ಡಿನ ಮೇಲೆ ತಂದುಕೊಡುತ್ತೇನೆಂದು ಜಂಬದಿಂದ ಹೇಳಿದವನು ನಾನೇ. ಬ್ಯಾಂಕಿನ ಕಾಗದ ಓದಿ ಅವಳ ಮುಖ ಸಣ್ಣದಾಯಿತು.

ಮರುದಿನವೇ ಮೈಸೂರಿಗೆ ಹೋದೆ. ಕಾರ್ಡ್ ವಿಭಾಗದ ಆಫೀಸರು ಒಬ್ಬ ಹೆಣ್ಣುಮಗಳು. ಮೊದಲು ದಂಡದ ಮೇಲೆ ಚೌಕಾಸಿ ಶುರು ಮಾಡಿದೆ. ಐವತ್ತು ಎಂದೆ, ಎಪ್ಪತ್ತೈದು ಎಂದೆ. ಆಕೆ ತಲೆ ಎತ್ತಲಿಲ್ಲ. ಫೈಲಿನಲ್ಲಿ ನನ್ನ ಸ್ವಂತ ಊರು ಕಂಡದ್ದೇ ತಡ, ಮಾತಿನ ಧಾಟಿಯೇ ಬದಲಾಯಿತು.

“ಹರದನಹಳ್ಳಿಯೋರಾ? ನಮ್ದು ಅಲ್ಲೇ ಪಕ್ಕದ ಚಂದಕವಾಡಿ ಕಣಣ್ಣ! ದಂಡ ಬುಡೋದು ನನ್ ಕೈಲಿಲ್ಲ. ಬೇಕಾರೆ ತಾರೀಖು ಬದಲಾಯಿಸ್ಕೊಡ್ತೀನಿ. ಯಾವ್ದು ಬೇಕು?”

ಬದಲಾಯಿಸಬಹುದೆ! ಆರನೇ ತಾರೀಖನ್ನು ಹಣೆಯ ಮೇಲೆ ಬರೆದುಕೊಂಡು ಬಂದವನಂತೆ ಇಷ್ಟು ದಿನ ಒದ್ದಾಡಿದೆನಲ್ಲ?

“ಶುಕ್ರವಾರ ಬರದ ತಾರೀಖು ಕೊಡವ್ವ” ಎಂದೆ.

ಆಕೆ ಗೋಡೆಯ ಕ್ಯಾಲೆಂಡರ್ ಇಳಿಸಿ ನನ್ನ ಮುಂದಿಟ್ಟಳು. “ನೀವೇ ಹುಡುಕ್ಕೊಡಿ, ನೋಡನ.”

ಜನವರಿಯಿಂದ ಡಿಸೆಂಬರ್‌ವರೆಗೆ ಬೆರಳಾಡಿಸಿದೆ. ಮೂವತ್ತೊಂದರಲ್ಲಿ ಒಂದಾದರೂ ವರ್ಷವಿಡೀ ಶುಕ್ರವಾರದಿಂದ ತಪ್ಪಿಸಿಕೊಂಡಿರಬೇಡವೆ? ಒಂದೂ ಇಲ್ಲ! ಪಕ್ಕದ ಕೌಂಟರಿನವರೂ ನಗತೊಡಗಿದರು.

“ಅಣ್ಣಾ, ವಾರ ಬುಟ್ಬುಡಿ. ನಿಮ್ ಗಲ್ಲಾಕ್ಕೆ ದುಡ್ಡು ಯಾವಾಗ್ ಬತ್ತದ, ಅದ್ ಯೋಳಿ.”

ಹದಿನೈದರ ಹೊತ್ತಿಗೆ ಎಂದೆ. ಅದರ ಮೇಲೆ ಐದು ದಿನ ಬಿಟ್ಟು, ಅರ್ಜಿಯಲ್ಲಿ ಇಪ್ಪತ್ತು ಎಂದು ಬರೆದಳು.

“ಇಪ್ಪತ್ತೂ ಶುಕ್ರವಾರ ಬಂದರೆ?”

“ಗುರುವಾರ ಕಟ್ಟಿ. ಕಡೇ ದಿನಕ್ಕೇ ಕಟ್ಬೇಕು ಅಂತ ಯಾವ್ ದೇವ್ರು ಯೋಳವ್ನೆ?”

ಸಿಕ್ಕಿಬಿದ್ದೆ! ಲಕ್ಷ್ಮಿಯ ಹೆಸರು ಹೇಳಿಕೊಂಡು ಕಡೇ ಗಳಿಗೆಯವರೆಗೆ ದುಡ್ಡು ಹಿಡಿದಿಟ್ಟುಕೊಳ್ಳುವ ಚಪಲ ನನ್ನದೇ ತಾನೆ?

ಒಂದು ವಾರದಲ್ಲಿ ಒಪ್ಪಿಗೆಯ ಕಾಗದ ಬಂತು. ಇಪ್ಪತ್ತು! ಗೆದ್ದೆನೆಂದು ಬೀಗಿದೆ. ಏಪ್ರಿಲ್‌ನ ಮೊದಲ ಗುರುವಾರ ಹೊಸ ಬಿಲ್ ಬಂತು ನೋಡಿ, ಅದರಲ್ಲಿ ಮತ್ತದೇ ಆರು. ಕಂಪ್ಯೂಟರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದು ಮೂಲೆಗೆಸೆದೆ. ರಾಜಮ್ಮ ಒಪ್ಪಿಗೆಯ ಕಾಗದ ಹುಡುಕಿ ತೆಗೆದು ಕಡೇ ಸಾಲಿಗೆ ಬೆರಳಿಟ್ಟಳು.

“ಇಲ್ಲೋದಿ. ಮೇ ತಿಂಗಳ ಬಿಲ್ಲಿಂದ ಅಂತ ಅದ. ಈ ತಿಂಗ್ಳು ಆರೇಯ. ಇಪ್ಪತ್ತು ಅನ್ನೋದ್ ಕಂಡ್ಬುಟ್ರೆ ಮಿಕ್ಕಿದ್ ಓದಲ್ವಾ ನೀವು?”

ಆರು ಸೋಮವಾರ ಬಿದ್ದಿತ್ತು. “ಇನ್ನೂ ನಾಲ್ಕು ದಿನ ಅದಲ್ಲ” ಎಂದೆ. (ನನ್ನ ಬುದ್ಧಿ ಎಲ್ಲಿ ಹೋದೀತು?)

“ನಾಳೀಕ್ ಸುಕ್ರವಾರ. ಶನಿವಾರ ಅರ್ಧ ದಿನ. ಭಾನ್ವಾರ ರಜ. ಸೋಮವಾರ ಬಸ್ ಕೆಟ್ರೆ ನನ್ ಮಿಷನ್ ಗತಿ?”

ಶನಿವಾರ ಬೆಳಗಾಗುತ್ತಲೇ ತನ್ನ ಹೊಲಿಗೆ ಕೂಲಿಯ ದುಡ್ಡನ್ನು ಸೀರೆಗಳ ನಡುವಿನಿಂದ ತೆಗೆದು ನನ್ನ ಜೇಬಿಗಿಟ್ಟು, ಮೊದಲ ಬಸ್ಸಿಗೆ ಅಟ್ಟಿದಳು. ಎರಡು ದಿನ ಮುಂಚೆ ಬಿಲ್ ಕಟ್ಟಿದ್ದು ನನ್ನ ಜೀವಮಾನದಲ್ಲೇ ಅದು ಮೊದಲು. ಈಗ ನಮ್ಮ ಜಗುಲಿಯಲ್ಲಿ ಓವರ್‌ಲಾಕ್ ಮಿಷನ್ ಗಿರ್ರೆನ್ನುತ್ತಿದೆ. ನೀಲಿ ಲಂಗಗಳ ರಾಶಿಯಲ್ಲಿ ನನಗೇ ಕೂರಲು ಜಾಗವಿಲ್ಲ.

ಆದ್ದರಿಂದ ನಿಮಗೊಂದು ಮಾತು. ಕೈಗೆ ದುಡ್ಡು ಬರುವ ದಿನ ನೋಡಿಕೊಂಡು, ಅದರ ಮೇಲೆ ನಾಲ್ಕೈದು ದಿನ ಬಿಟ್ಟು ತಾರೀಖು ಕೇಳಿ. ಬಾಯಿಮಾತು ಬೇಡ, ಬರೆದು ಕೊಡಿ. ಬಂದ ಉತ್ತರವನ್ನು ಕಡೇ ಸಾಲಿನವರೆಗೆ ಓದಿ. ಹೊಸ ತಾರೀಖು ಬಿಲ್ಲಿನಲ್ಲಿ ಅಚ್ಚಾಗಿ ಬರುವವರೆಗೆ ಹಳೆಯದೇ ಕಾನೂನು. ಬ್ಯಾಂಕಿನವರು ತಾವಾಗಿ ಬಂದು ಇದನ್ನೆಲ್ಲ ಹೇಳುವುದಿಲ್ಲ, ನಾವೇ ಹೋಗಿ ಕೇಳಬೇಕು.

ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಎಂಟಾಣೆ ಇಳಿಸಲು ಗಂಟಲು ಹರಿದುಕೊಳ್ಳುವ ನಾವು, ಬ್ಯಾಂಕಿನ ಕೌಂಟರಿನ ಮುಂದೆ ಮಾತ್ರ ಏಕೆ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ?