ಬೇಳೆ ಬೇಯುವ ಮನೆ

ಇವತ್ತು ನೋಯ್ಡಾದಲ್ಲಿ ಬಾಡಿಗೆ ಫ್ಲ್ಯಾಟ್ ನೋಡುತ್ತಾ ಅಡುಗೆಮನೆಯ ನಲ್ಲಿ ತಿರುಗಿಸಿದೆ. ಬೋರ್‌ವೆಲ್ ನೀರಿನ ವಾಸನೆಗೆ ಅಮ್ಮ ನೆನಪಾದಳು.

ನನ್ನ ಚಿಕ್ಕಂದಿನಲ್ಲಿ ದೆಹಲಿಯ ಜನಕಪುರಿಯಲ್ಲಿ ಮನೆ ಹುಡುಕುವಾಗ ಅಮ್ಮ ಪ್ರತಿ ಮನೆಯ ನೀರನ್ನೂ ಬಾಟಲಿಯಲ್ಲಿ ತಂದು, ಅದರಲ್ಲಿ ತೊಗರಿಬೇಳೆ ಬೇಯಿಸಿ ನೋಡುತ್ತಿದ್ದಳು. "ಬೇಳೆ ಬೇಯದ ಮನೇಲಿ ಸಂಸಾರ ಹೇಗೆ ಮಾಡೋದು?" ಎನ್ನುತ್ತಿದ್ದಳು. ನನಗೋ ಗೆಳತಿಯ ಪಕ್ಕದ ಮನೆಯೇ ಬೇಕಿತ್ತು. ಗುಟ್ಟಾಗಿ ಆ ಮನೆಯ ಬೋರ್‌ವೆಲ್ ನೀರು ಚೆಲ್ಲಿ, ಬಾಟಲಿಗೆ ನಮ್ಮ ಹಳೇ ಮನೆಯ ನೀರು ತುಂಬಿಸಿಟ್ಟೆ. ಕುಕ್ಕರ್ ಕೂಗುವವರೆಗೂ ಉಗುರು ಕಚ್ಚುತ್ತಾ ನಿಂತಿದ್ದೆ. ಬೇಳೆ ಬೆಣ್ಣೆಯಂತೆ ಬೆಂದಿತ್ತು.

ಆ ಮನೆಯಲ್ಲಿದ್ದಷ್ಟು ವರ್ಷವೂ ಅಮ್ಮ ಬೇಯದ ಬೇಳೆಯನ್ನು ಸೌಟಿನಿಂದ ಮಸೆಯುತ್ತಾ, "ಅವತ್ತು ಬೆಂದಿತ್ತಲ್ಲೇ!" ಎನ್ನುತ್ತಿದ್ದಳು. ನಾನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಈಗ ನಾನೂ ಬಾಟಲಿ ತುಂಬಿಸಿ ಮುಚ್ಚಳ ಹಾಕಿದೆ. ಬಂದಾಗಿನಿಂದ ಈ ಫ್ಲ್ಯಾಟಿನ ಬಾಲ್ಕನಿ ಬಿಟ್ಟು ಕದಲದಿದ್ದ ಮಗಳು ಓಡಿಬಂದು ಕೈ ಚಾಚಿದಳು.

"ಚಲೋ ಮಮ್ಮಾ, ಹೋಗೋಣ, ಬಾಟಲಿ ನಾನೇ ಹಿಡ್ಕೋತೀನಿ."